ತಂತಿಯಿಲ್ಲದ ಗುಂಡಿ

ನಗರಪಾಲಿಕೆಯ ಬಾಗಿಲ ಫಲಕದಲ್ಲಿ ಅವರು ಸಾರ್ವಜನಿಕ ಸಂಪರ್ಕಾಧಿಕಾರಿ. ಜನರ ಬಾಯಲ್ಲಿ ಮಾತ್ರ ಪರಿಶೀಲನೆ ಸಾಹೇಬರು. ಚರಂಡಿ ಕಟ್ಟಿಕೊಂಡಿದೆ ಎಂದರೂ, ಬೀದಿ ದೀಪ ಉರಿಯುತ್ತಿಲ್ಲ ಎಂದರೂ, ಇವರ ತಲೆಯ ಮೇಲಿನ ಫ್ಯಾನೇ ಕಳಚಿ ಬೀಳುವಂತಿದೆ ಎಂದರೂ ಸಾಹೇಬರು ಹೇಳುತ್ತಿದ್ದದ್ದು ಒಂದೇ ಮಾತು: "ಒಳ್ಳೆ ಪ್ರಶ್ನೆ. ಪರಿಶೀಲಿಸ್ತೀವಿ." ತಿಪ್ಪೆ ಸಾರಿಸುವುದರಲ್ಲಿ ಅಷ್ಟು ನಾಜೂಕು ಕೈ ಆ ಕಟ್ಟಡದಲ್ಲಿ ಇನ್ನೊಂದಿರಲಿಲ್ಲ.

ಆವತ್ತು ಪುರಭವನದಲ್ಲಿ ಜಾಣ ಸಿಗ್ನಲ್ ಯೋಜನೆಯ ಬಗ್ಗೆ ಜನರ ಪ್ರಶ್ನೆಗಳಿಗೆ ಉತ್ತರಿಸುವ ಸಭೆ. ಸಭೆ ಗಲಾಟೆಯಿಲ್ಲದೆ ಮುಗಿದರೆ ವಿಭಾಗದ ಮುಖ್ಯಸ್ಥರ ಕುರ್ಚಿ ನಿಮ್ಮದೇ ಎಂದು ಕಮಿಷನರ್ ಬೆಳಿಗ್ಗೆಯೇ ಕಿವಿಗೆ ಹಾಕಿದ್ದರು.

ಸಾಹೇಬರಿಗೆ ಅಳುಕಿದ್ದದ್ದು ಒಂದೇ ವಿಷಯಕ್ಕೆ. ಸಿಗ್ನಲ್ ಕಂಬದ ಕ್ಯಾಮೆರಾ ಬಸ್ಸು, ಕಾರು, ಸ್ಕೂಟರುಗಳನ್ನು ಎಣಿಸಿ, ಎಲ್ಲಿ ಗುಂಪು ಹೆಚ್ಚೋ ಅತ್ತ ಹಸಿರು ಕೊಡುತ್ತಿತ್ತು. ನಡೆದು ಹೋಗುವವರು ಎಂಬ ಪ್ರಾಣಿಗಳೂ ಊರಲ್ಲಿದ್ದಾರೆ ಎನ್ನುವುದು ಯಾವ ಇಂಜಿನಿಯರಿಗೂ ಹೊಳೆದಿರಲಿಲ್ಲ. ಜನ ಗೊಣಗತೊಡಗಿದಾಗ ಅವಸರವಸರವಾಗಿ, ರಸ್ತೆ ದಾಟುವವರು ಒತ್ತಲೆಂದು ಕಂಬಕ್ಕೊಂದು ಗುಂಡಿ ಕೂರಿಸಿದರು. ಒತ್ತಿದರೆ ಅದರ ಸುತ್ತ ಚಂದದ ದೀಪ ಬೆಳಗುತ್ತಿತ್ತು. ಅಷ್ಟೇ. ಗುಂಡಿಯಿಂದ ಸಿಗ್ನಲ್ಲಿಗೆ ತಂತಿಯನ್ನೇ ಎಳೆದಿರಲಿಲ್ಲ. ಈ ಗುಟ್ಟು ಸಾಹೇಬರಿಗೂ ಕಮಿಷನರಿಗೂ ಗೊತ್ತಿತ್ತು.

ಗುಂಡಿಯನ್ನು ದಿನವೂ ಒತ್ತುತ್ತಿದ್ದವರಲ್ಲಿ ಸಾಹೇಬರ ಅತ್ತೆಯೂ ಒಬ್ಬರು. ಹೆಂಡತಿಯ ತಾಯಿ, ನಿವೃತ್ತ ಟೀಚರು, ಮಗಳ ಮನೆಯಲ್ಲೇ ಇದ್ದವರು. ರಸ್ತೆಯಾಚೆ ಅವರ ಅಕ್ಕ ಕಾಲು ಮುರಿದುಕೊಂಡು ಮಲಗಿದ್ದರು. ಅತ್ತೆ ಮಧ್ಯಾಹ್ನ ಬಿಸಿ ಊಟದ ಡಬ್ಬಿ ಹಿಡಿದು ಹೊರಟರೆ, ಅದು ಅಕ್ಕನನ್ನು ಮುಟ್ಟುವಷ್ಟರಲ್ಲಿ ಆರಿ ತಣ್ಣಗಾಗಿರುತ್ತಿತ್ತು. "ಗುಂಡಿ ಒತ್ತಿ ಸ್ವಲ್ಪ ಕಾಯ್ಬೇಕು ಅತ್ತೆ. ಅದು ಯೋಚನೆ ಮಾಡಿ ಬಿಡುತ್ತೆ" ಎಂದು ಸಾಹೇಬರು ಊಟಕ್ಕೆ ಕೂತಾಗ ಹೇಳಿಬಿಟ್ಟಿದ್ದರು. ಅತ್ತೆ ಹಾಗೇ ಬಿಸಿಲಲ್ಲಿ ನಿಂತು ಕಾಯುತ್ತಿದ್ದರು. ಪಕ್ಕದಲ್ಲಿ ನಿಂತವರಿಗೆ "ನಮ್ಮ ಅಳಿಯಂದ್ರು ಮಾಡ್ಸಿದ್ದು" ಎಂದು ಬೇರೆ ಹೇಳುತ್ತಿದ್ದರಂತೆ. ಅದು ಕಿವಿಗೆ ಬಿದ್ದ ದಿನ ಸಾಹೇಬರು ಅತ್ತೆಯ ಮುಖ ನೋಡದೆ ಊಟ ಮುಗಿಸಿ ಎದ್ದರು.

ಸಭೆ ಶುರುವಾಯಿತು. ಕ್ಯಾಮೆರಾ ನಮ್ಮ ಅಡುಗೆಮನೆಯೊಳಗೂ ಇಣುಕುತ್ತಾ ಎಂದು ಒಬ್ಬಾಕೆ ಕೇಳಿದರು. ಒಳ್ಳೆ ಪ್ರಶ್ನೆ. ನನ್ನ ತಳ್ಳುಗಾಡಿ ಅದರ ಲೆಕ್ಕದಲ್ಲಿ ವಾಹನವೋ ಅಲ್ಲವೋ ಎಂದು ಒಬ್ಬ ಕೇಳಿದ. ಪರಿಶೀಲಿಸ್ತೀವಿ. ಎಲ್ಲ ಸಲೀಸಾಗಿ ಸಾಗುತ್ತಿತ್ತು. ಸಾಹೇಬರು ಮನಸ್ಸಿನಲ್ಲೇ ಹೊಸ ಕುರ್ಚಿಯಲ್ಲಿ ಕಾಲು ಚಾಚಿಯೂ ಆಗಿತ್ತು.

ಆಗ ಸೈಕಲ್ ರಿಪೇರಿಯವನು ಎದ್ದ. "ಸಾರ್, ಆ ಗುಂಡಿಗೂ ಸಿಗ್ನಲ್ಲಿಗೂ ಸಂಬಂಧ ಇದ್ಯಾ? ನನ್ನ ಅಂಗಡಿ ಎದುರಿಗೇ ಇದೆ. ಜನ ಒತ್ತಿ ಒತ್ತಿ ಸುಸ್ತಾಗಿ ನನ್ನ ಸ್ಟೂಲ್ ಮೇಲೆ ಕೂತ್ಕೋತಾರೆ."

ಸಾಹೇಬರು ಬಾಯಿ ತೆರೆಯುವ ಮೊದಲೇ ಮಧ್ಯದ ಸಾಲಿನಿಂದ ಪರಿಚಿತ ದನಿಯೊಂದು ಕೇಳಿಸಿತು.

"ಇದ್ದೇ ಇದೆ" ಎಂದರು ಅತ್ತೆ, ಎದ್ದು ನಿಂತು. "ನಮ್ಮ ಅಳಿಯಂದ್ರೇ ಹೇಳಿದಾರೆ. ಹೊರಗಡೆ ಏನಾದ್ರೂ ಹೇಳ್ಲಿ, ನನ್ನ ಹತ್ರ ಅವರು ಸುಳ್ಳು ಹೇಳಲ್ಲ. ಅಲ್ವಾ ಅಳಿಯಂದ್ರೇ?"

ಸಭೆಯಲ್ಲಿ ನಗು ಎದ್ದು ಅಡಗಿತು. ಎಲ್ಲರ ಕಣ್ಣೂ ವೇದಿಕೆಯ ಮೇಲೆ. ಹೌದು ಅನ್ನಿ ಎಂದು ಪಕ್ಕದಲ್ಲೇ ಕೂತಿದ್ದ ಕಮಿಷನರ್ ಮೇಜಿನಡಿ ಸಾಹೇಬರ ಕಾಲು ತುಳಿದರು. ಹೌದು ಅಂದರೆ ಕುರ್ಚಿ ಸಿಗುತ್ತಿತ್ತು. ಆದರೆ ಬಿಸಿಲಲ್ಲಿ ಕಾದು ಕಾದು ಕಂದಿದ ಆ ಮುಖ ಕಂಡು ಸಾಹೇಬರಿಗೆ ತಮ್ಮ ಮೇಲೇ ಅಸಹ್ಯವಾಯಿತು.

"ಇಲ್ಲ ಅತ್ತೆ" ಎಂದರು. "ತಂತಿನೇ ಎಳೆದಿಲ್ಲ. ನಿಮ್ಮ ಹತ್ರಾನೂ ಸುಳ್ಳು ಹೇಳ್ದೆ."

ಆಮೇಲಿನ ಗಲಾಟೆಯಲ್ಲಿ ಎರಡು ಕುರ್ಚಿ ಮುರಿದವು. ಸಿಗಬೇಕಿದ್ದ ಮೂರನೆಯದು ಕೈತಪ್ಪಿತು. ಕಮಿಷನರ್ ಇಂಗು ತಿಂದ ಮಂಗನಂತಾಗಿ, ಈ ವಾರವೇ ತಂತಿ ಎಳೆಸುತ್ತೇವೆ ಎಂದು ಎಲ್ಲರೆದುರು ಒಪ್ಪಿಕೊಂಡ ಮೇಲಷ್ಟೇ ಜನ ಕದಲಿದರು.

ಹೊರಗೆ ಮೆಟ್ಟಿಲ ಬಳಿ ಅತ್ತೆ ಚೀಲ ಹಿಡಿದು ನಿಂತಿದ್ದರು. ಸಾಹೇಬರು ತಲೆ ತಗ್ಗಿಸಿ ಹತ್ತಿರ ಬಂದರು. "ತಪ್ಪಾಯ್ತು ಅತ್ತೆ."

"ನಂಗೆ ಮೊದಲೇ ಗೊತ್ತಿತ್ತು ಬಿಡಿ."

"ಯಾರು ಹೇಳಿದ್ರು?"

"ಯಾರು ಹೇಳ್ಬೇಕು? ಪರೀಕ್ಷೆ ಕೊಠಡೀಲಿ ಕಾವಲು ಕಾದೇ ಮುದುಕಿ ಆದವಳು ನಾನು. ನನ್ನ ಜೊತೆ ಎಷ್ಟು ಸಲ ಆ ರಸ್ತೆ ದಾಟಿದೀರಿ. ಒಂದ್ಸಲಾನೂ ನೀವಾಗಿ ಗುಂಡಿ ಒತ್ತಲಿಲ್ಲ."

ಸಾಹೇಬರಿಗೆ ನಗು ಬಂತು. "ಎಲ್ಲರೆದುರು ನಾನು ಹೌದು ಅಂದ್ಬಿಟ್ಟಿದ್ರೆ?"

"ಅಂದಿಲ್ವಲ್ಲ, ನಡೀರಿ" ಎಂದು ಅತ್ತೆ ಮೆಟ್ಟಿಲಿಳಿದರು.

ಸಾಹೇಬರು ಊಟದ ಡಬ್ಬಿ ಇರಬೇಕು ಎಂದುಕೊಂಡು ಅವರ ಕೈಯಿಂದ ಚೀಲ ತೆಗೆದುಕೊಂಡರು. ಕೈ ಜಗ್ಗಿತು. ಇಣುಕಿ ನೋಡಿದರೆ ಒಳಗೆ ಅತ್ತೆಯ ಬಟ್ಟೆಗಳೆಲ್ಲ ಒಪ್ಪವಾಗಿ ಮಡಿಸಿ ಇದ್ದವು. ಅಕ್ಕನ ಮನೆ ಸೇರಿ ಅಲ್ಲೇ ಇದ್ದುಬಿಡುವವರ ಹಾಗೆ, ಕನ್ನಡಕದ ಡಬ್ಬವನ್ನೂ ಬಿಟ್ಟಿರಲಿಲ್ಲ.