ಎಡಗಡೆಯ ಬಾಗಿಲು

ಒಂದೂರಲ್ಲಿ ಒಂದು ಮನೆಯಿತ್ತಂತೆ. ವಾರವಾರ ಬೆಂಕಿ ಬಿದ್ದರೂ ಅದು ಸುಟ್ಟುಹೋಗುತ್ತಿರಲಿಲ್ಲ. ಅಲ್ಲಿ ಯಾರೂ ಉಣ್ಣುತ್ತಿರಲಿಲ್ಲ, ಯಾರೂ ಮಲಗುತ್ತಿರಲಿಲ್ಲ. ಇದ್ದವಳು ಒಬ್ಬಳೇ, ಮರಳು ತುಂಬಿದ ಗೊಂಬೆ. ಹೊತ್ತು ತರಲು ಭಾರ, ಆದರೆ ತುಟಿಪಿಟಕ್ಕೆನ್ನುವುದಿಲ್ಲವೆಂದು ಹುಡುಗರು ಅವಳನ್ನು 'ಒಳ್ಳೆ ಅತ್ತೆ' ಎನ್ನುತ್ತಿದ್ದರು. ಅಗ್ನಿಶಾಮಕ ದಳಕ್ಕೆ ಸೇರಿದವರು ಬೆಂಕಿಯ ಕೆಲಸ ಕಲಿಯುತ್ತಿದ್ದುದು ಆ ಕಾಂಕ್ರೀಟು ಮನೆಯಲ್ಲೇ. ಕಲಿಸುವವರು ಹೊಗೆ ಮೇಷ್ಟ್ರು.

ಈಗ ಮೇಷ್ಟ್ರು ಆ ಮನೆಯ ಎಡಗಡೆಯ ಬಾಗಿಲು ಕಳಚಿ, ಕರಣೆ ಹಿಡಿದು ಕೂತಿದ್ದರು. ಅವರ ಅಕ್ಕ ಇಟ್ಟಿಗೆ ಎತ್ತಿಕೊಡುತ್ತಿದ್ದಳು.

ಅಕ್ಕನ ಮಗನೂ ಇಲ್ಲೇ ಕಲಿತವನು. ಗೋಡೆ ಸವರುತ್ತ ತೆವಳಿದರೆ, ಎರಡನೆಯ ಕಿಟಕಿ ದಾಟಿದ ಕೂಡಲೇ ಎಡಕ್ಕೆ ಬಾಗಿಲು. ಕಣ್ಣು ಕಟ್ಟಿ ಬಿಟ್ಟರೂ ಅತ್ತೆಯನ್ನು ಎಳೆದುಕೊಂಡು ಎಲ್ಲರಿಗಿಂತ ಮೊದಲು ಹೊರಬರುತ್ತಿದ್ದ. ಮಾವನ ಮನೆಯಲ್ಲಿ ಯಾರಾದರೂ ದಾರಿ ತಪ್ಪುತ್ತಾರಾ ಎಂದು ನಗುತ್ತಿದ್ದ. ಮೇಷ್ಟ್ರು ಬೆನ್ನು ತಟ್ಟುತ್ತಿದ್ದರು.

ಬಟ್ಟೆ ಗೋದಾಮಿಗೆ ಬೆಂಕಿ ಬಿದ್ದ ದಿನ ಅವನು ಹೊರಬರಲಿಲ್ಲ. ಹೊಗೆಯಲ್ಲಿ ದಿಕ್ಕು ತಪ್ಪಿತು ಎಂದರು ಎಲ್ಲರೂ. ಬೆಂಕಿ ಆರಿದ ಮೇಲೆ ಮೇಷ್ಟ್ರು ಒಳಗೆ ಹೋಗಿ ನೋಡಿದರು. ಎರಡನೆಯ ಕಿಟಕಿಯಾಚೆ, ಎಡಗಡೆಯ ಬರಿಗೋಡೆಯಲ್ಲಿ, ಚಿಲಕ ಇರಬೇಕಾದ ಎತ್ತರದಲ್ಲಿ, ಅಂಗೈ ಉಜ್ಜಿ ಉಜ್ಜಿ ಮಸಿಯೆಲ್ಲ ಅಳಿಸಿಹೋಗಿತ್ತು. ಗೋದಾಮಿನ ಬಾಗಿಲು ಬಲಕ್ಕಿತ್ತು, ತೀರ ಹತ್ತಿರ. ಹುಡುಗನಿಗೆ ದಿಕ್ಕು ತಪ್ಪಿರಲಿಲ್ಲ. ಕಲಿಸಿದ ದಾರಿಯಲ್ಲೇ ಹೋಗಿದ್ದ.

ಅದನ್ನು ಅಕ್ಕನಿಗೆ ಹೇಳಿದವರೂ ಮೇಷ್ಟ್ರೇ. ಅವಳು ಬೈಯಲಿಲ್ಲ. ಆ ಬಾಗಿಲು ಮುಚ್ಚಿಬಿಡು ಅಂದಳಷ್ಟೇ. ಇವರು ಮಾತು ಕೊಟ್ಟರು. ಆಮೇಲೆ ಇವತ್ತು ಸಿಮೆಂಟಿಲ್ಲ, ನಾಳೆ ಮೇಲಿನವರ ಅಪ್ಪಣೆಯಿಲ್ಲ ಎನ್ನುತ್ತ ದಿನ ತಳ್ಳಿದರು. ಕಲಿಯುವಾಗ, ಹೊರಬಂದಾಗಲೆಲ್ಲ ಅಕ್ಕನ ಮಗ ಆ ಬಾಗಿಲ ಚೌಕಟ್ಟಿಗೆ ಫಟ್ಟೆಂದು ಒಂದು ಏಟು ಕೊಡುತ್ತಿದ್ದ. ಆ ಸದ್ದಿಗೆ ಮೇಷ್ಟ್ರು ಇನ್ನೂ ಕಿವಿಗೊಟ್ಟು ನಿಲ್ಲುತ್ತಿದ್ದರು.

ಮೊನ್ನೆ ಹೊಸ ತಂಡದ ಹುಡುಗಿಯೊಬ್ಬಳು ದಟ್ಟ ಹೊಗೆಯಲ್ಲಿ ಒಂದಿಷ್ಟೂ ತಡವರಿಸದೆ ಎಡಕ್ಕೆ ತಿರುಗಿದಳು. ಮೇಷ್ಟ್ರು ಪಾಠ ಅಲ್ಲಿಗೇ ನಿಲ್ಲಿಸಿದರು. ಅವತ್ತೇ ಬಲಗೋಡೆ ಒಡೆಸಿ ಹೊಸ ಬಾಗಿಲು ಇಡಿಸಿದರು. ಹಳೆಯದನ್ನು ಮುಚ್ಚಲು ಅಕ್ಕನನ್ನು ಕರೆತಂದರು.

"ಇನ್ನೊಂದು ವಾರಕ್ಕೆ ಹೊಸದನ್ನೂ ಬಾಯಿಪಾಠ ಮಾಡ್ಕೋತಾರೆ, ಅಕ್ಕ."

"ಮಾಡ್ಕೊಂಡ್ರೆ ಅದನ್ನೂ ಮುಚ್ಚು."

"ಎಷ್ಟು ಅಂತ ಮುಚ್ಚೋದು?"

ಅಕ್ಕ ಕೈಯಲ್ಲಿದ್ದ ಇಟ್ಟಿಗೆಯ ಧೂಳು ಒರೆಸಿದಳು. "ಅವನು ಎಷ್ಟೊತ್ತು ತಡಕಿದ್ನೋ," ಎಂದಳು.

ಕೊನೆಯ ಇಟ್ಟಿಗೆ ಕೂತಿತು. ಒಳಗಿನ ಕತ್ತಲೆಯೂ ಅದರಲ್ಲಿ ಬಿದ್ದಿದ್ದ ಅತ್ತೆಯೂ ಕಾಣದಾದವು. ಮೇಷ್ಟ್ರು ಕರಣೆ ಕೆಳಗಿಟ್ಟರು. ಅಕ್ಕ ಮುಂದೆ ಸರಿದು, ಚಿಲಕವಿದ್ದ ಎತ್ತರದಲ್ಲಿ, ಹಸಿ ಗಾರೆಯ ಮೇಲೆ ಅಂಗೈ ಒತ್ತಿ ಹಿಡಿದಳು.