ಹಾಂಡುರಾಸಿನ ಇನ್ನೂರು ಸಿಪಾಯಿ

ಮಸಿ ಒಣಗಲಾಕತ್ತದ, ಹೆಬ್ಬೆಟ್ಟಿನ ಗೆರೆಗೆರೆಯೊಳಗ ಇಳಿದು ತಣ್ಣಗ ಕೂತದ, ಊದಿದ್ರ ಹಸಿ ಹೊಳಪು ಒಂದು ಗಳಿಗಿ ಮೂಡಿ ಮತ್ತ ಮಾಸ್ತದ — ಎಂಥಾ ಹೆಬ್ಬೆಟ್ಟು ನಂದು, ಇಡೀ ಕಲಬುರಗಿ ಸುಭೇದಾಗ ಇಷ್ಟು ಅಗಲದ್ದು ಇನ್ನೊಂದಿಲ್ಲ, ಜೋರಿಲೆ ಒತ್ತಿದ್ರ ಕಾಗದ ಹರದು ಕೆಳಗಿನ ಹಲಗಿ ಸೀಳೀತು, ಅದಕ್ಕೇ ಮುಂಬೈ ಹಣ್ಣಿನ ಕಂಪನಿಯ ಗುರುರಾಜರಾಯರು ಆರು ಮಂದಿ ತೋಟದವರೊಳಗ ಮೊದಲು ನನಗೇ ಮಸಿ ಹಚ್ಚಿದ್ದು. ಹಚ್ಚಿದವರೇ, ತಡೀರಿ ಖಂಡೆಪ್ಪನವರ, ಕರಾರು ಮತ್ತೊಮ್ಮೆ ಓದಿ ಹೇಳ್ತೀನಿ, ನಾಳೆ ಯಾರೂ ಮೋಸ ಅನ್ನಬಾರದು, ಅಂತ ಕನ್ನಡಕ ಏರಿಸಿ ಓದ್ಲಾಕತ್ತಾರ, ನಿಜಾಮ ಸರ್ಕಾರದ ಸನ್ ೧೩೩೩ ಫಸಲಿ, ಮೌಜೆ ಕಮಲಾಪುರ, ಕೆಂಪು ಬಾಳಿ ತೋಟದವರು ತಮ್ಮ ಖುಷಿಯಿಂದ ಬರಕೊಟ್ಟದ್ದು — ಬಿಸಿಲು ಚಾವಡಿ ಕಟ್ಟಿ ಏರಿ ಒಳಗ ಒಂದು ಮೊಳ ಬಂದದ, ಬಾಜೂಕಿನ ತೋಟದ ದೌಲಪ್ಪನ ಬಾಯಿಂದ ಎಲಿಯಡಿಕಿ ವಾಸನಿ, ರಾಯರ ಕರೇ ಟೋಪಿ ಮ್ಯಾಲ ಒಂದು ನೊಣ ಕೂತು ಕಾಲು ಉಜ್ಜಲಾಕತ್ತದ. ಮೂವತ್ತು ವರ್ಷ ಮುಂಬೈ ಕಂಪನಿ ಬಿಟ್ಟು ಬ್ಯಾರೆ ಯಾರಿಗೂ ಹಣ್ಣು ಕೊಡೂ ಹಂಗಿಲ್ಲ, ಒಪ್ಪಿದೆವು, ಹಳ್ಳದ ನೀರಿನ ಪಾಳಿ ಕಂಪನಿ ಮುನೀಮ ಹೇಳಿದಂಗ, ಒಪ್ಪಿದೆವು, ತಕರಾರು ಎದ್ರ ಮಾಲು ಕಾಯಲಿಕ್ಕ ಕಂಪನಿ ತನ್ನ ಬಂದೂಕಿನ ಪಹರೆ ಇಟ್ಟುಕೋಬಹುದು, ಒಪ್ಪಿದೆವು — ಆ ಒಪ್ಪಿದೆವು ಅನ್ನೋದನ್ನ ರಾಯರು ಮಂಗಳಾರತಿಗೆ ಗಂಟಿ ಬಾರಿಸಿದಂಗ ಅಂತಾರ. ಪೆಟ್ಟಿಗಿ ಸುದ್ದಿ ಮಾತ್ರ ಓದಂಗಿಲ್ಲ, ಅದು ನನ್ನ ಕಿವಿಯಾಗ ಹೇಳಿದ್ದು, ಎಂಟು ದಿನದಿಂದ ನಿದ್ದಿ ಕೆಡಿಸಿದ್ದು — ಮುಂಬೈಗೆ ಹೋಗೋ ಒಂದೊಂದು ಪೆಟ್ಟಿಗಿ ಮ್ಯಾಲೂ ಕೆಂಪು ಅಕ್ಷರದಾಗ ಖಂಡೆಪ್ಪನ ಬಾಳಿ ಅಂತ ಛಾಪಿಸ್ತೀವಿ, ಕನ್ನಡ, ಉರ್ದೂ, ಇಂಗ್ಲಿಷು, ಬಾಜೂಕ ನಿಮ್ಮ ಮೀಸಿ ಚಿತ್ರ, ನೀವು ಮೊದಲು ಒತ್ತರಿ, ಉಳಿದವರು ಕುರಿ ಹಿಂದ ಕುರಿ ಬಂದಂಗ ಬರ್ತಾರ. ಮೀಸಿ ಚಿತ್ರ! ಪೆಟ್ಟಿಗಿ ಅಗಲ ಸಾಲೀತೋ ಇಲ್ಲೋ ಅನ್ನೋದೊಂದೇ ನನ್ನ ಚಿಂತಿ ಇತ್ತು, ಮೊನ್ನೆ ತನಕ.

ಸುಳ್ಳು ಹೇಳೋನಲ್ಲ ನಾನು, ಇದ್ದದ್ದಕ್ಕ ಸ್ವಲ್ಪ ಗೊಬ್ಬರ ಹಾಕ್ತೀನಿ ಅಷ್ಟೇ, ಕೆಂಪು ಬಾಳಿ ಒಂದೂವರೆ ವರ್ಷ ಕೂತು ತಿಂದು ಬೆಳೀತದ, ಅದನ್ನ ಸಾಕಿದವನ ಮಾತು ಗಿಡ್ಡ ಇರಂದ್ರ ಹ್ಯಾಂಗ ಇರ್ತದ. ನನ್ನ ಒಂದು ಹಣ್ಣು ಮದುವಿ ದಿಬ್ಬಣ ಪೂರಾ ತಿಂದು ಸಿಪ್ಪಿಯಾಗ ಕೂಸಿನ ತೊಟ್ಟಿಲ ಕಟ್ಟ್ಯಾರ, ನನ್ನ ತೋಟದ ನೆರಳಿನಾಗ ತಹಶೀಲದಾರನ ಕುದುರಿ ಮೂರು ದಿನ ದಾರಿ ತಪ್ಪಿ ನಾಲ್ಕನೇ ದಿನ ಮರಿ ಜೋಡಿ ಹೊರಗ ಬಂದದ. ಊರವರು ಇದಕ್ಕೊಂದು ಲೆಕ್ಕ ಇಟ್ಟಾರ, ಖಂಡೆಪ್ಪ ಹತ್ತು ಅಂದ್ರ ಒಂದು ಹಿಡೀರಿ ಅಂತ, ಸಂತಿಯಾಗೂ ಅದೇ, ಲಗ್ನದಾಗೂ ಅದೇ, ನನ್ನ ಹೆಂಡ್ತಿ ಸೂಗಮ್ಮಗ ತೋಟದಾಗ ಹತ್ತು ಹಾವು ನೋಡಿದೆ ಅಂದ್ರ, ಒಂದು ಹಗ್ಗ ಬಿದ್ದಿರಬೇಕು, ಹೋಗಿ ಸುತ್ತಿ ಇಡ್ರಿ, ಅಂತಾಳ. ಈ ಲೆಕ್ಕ ಗೊತ್ತಿಲ್ಲದವರು ಗುರುರಾಜರಾಯರು ಒಬ್ಬರೇ. ಕಲಬುರಗಿ ಟೇಸನ್ನಿನ ಬಾಕಿನ ಮ್ಯಾಲ ಬಾಜೂಕ ಕೂತಿದ್ರು, ಯಾವೂರು ಅಂದ್ರು, ಕಮಲಾಪುರ ಅಂದೆ, ಏನು ಬೆಳೀತೀರಿ ಅಂದ್ರು — ಕೇಳಬಾರದಿತ್ತು. ರೈಲು ಬರೋ ತನಕ ಹೇಳಿದೆ, ರೈಲು ಹೋದಮ್ಯಾಲೂ ಹೇಳಿದೆ, ಅವರು ಒಂದು ಕಾಗದದ ಮ್ಯಾಲ ಸಣ್ಣಗ ಬರಕೊಂಡ್ರು, ಭಾಗಿಸಲೇ ಇಲ್ಲ, ಪೂರಾ ನಂಬಿ ಹದಿನೈದು ದಿನದಾಗ ಕರಾರು ಹಿಡಕೊಂಡು ಬಂದುಬಿಟ್ರು. ಕರಕೊಂಡು ಬಂದವ ನಾನೇ ಅಂದಂಗಾಯ್ತು, ದಾರಿ ತೋರಿಸಿದ್ದು ಈ ನಾಲಿಗಿ.

ಮೊನ್ನೆ ಕಲಬುರಗಿಯಾಗ ಅಕ್ಬರಿ ಬೇಗಂ ಅವರ ಹವೇಲಿಗೆ ನಾಲ್ಕು ಗೊನಿ ಇಳಿಸಿ — ನಾಲ್ಕೇ, ಇದು ಖರೇ — ಜಗತ್ ಓಣಿ ದಾಟಿ ಮೋಮಿನಪುರಕ್ಕ ಹೋದೆ, ಮಕ್ಸೂದನ ಚಹಾದ ಅಂಗಡಿಗೆ, ಪೆಟ್ಟಿಗಿ ಸುದ್ದಿ ಹೇಳದಿದ್ರ ಹೊಟ್ಟಿ ಒಡೀತಿತ್ತು. ಮಕ್ಸೂದ ಕೇಳಿದ, ನಗಲಿಲ್ಲ, ಮೂವತ್ತು ಸಾಲ್, ಬಂದೂಕಿನ ಪಹರೆ, ಅಂತ ಎರಡು ಸಲ ತನಗ ತಾನೇ ಅಂದ, ಆಮ್ಯಾಲೆ ಡಬ್ಬಿ ಹಿಂದಿನ ಉರ್ದೂ ಅಖಬಾರು ತೆಗೆದ, ಆ ಸುದ್ದಿ ಕಾಗದದ ಮ್ಯಾಲ ಭಜಿಯ ಎಣ್ಣಿ ಹತ್ತಿತ್ತು, ಸುನೋ ಖಂಡೆಪ್ಪಾ, ಇದು ನಿಮ್ಮ ಬಾಳಿಯದೇ ಸುದ್ದಿ. ಅಮೇರಿಕದ ಕೆಳಗ ಹಾಂಡುರಾಸ್ ಅಂತ ಒಂದು ಮುಲ್ಕ್ ಅದ, ಅಲ್ಲಿ ಬಾಳಿ ಬಿಟ್ಟು ಮಾತಿಲ್ಲ, ಅಮೇರಿಕದ ಕಂಪನಿಗಳು ಬಂದವು, ಮೊದಲು ಹಣ್ಣು ತಗೊಂಡವು, ಹಣ್ಣು ಒಯ್ಯಲಿಕ್ಕ ರೈಲು ಹಾಕಿದವು, ರೈಲಿನ ಎರಡೂ ಬದಿ ಭೂಮಿ ತಗೊಂಡವು, ಆಮ್ಯಾಲೆ ಗಾದಿ ಮ್ಯಾಲ ಯಾರು ಕೂಡಬೇಕು ಅನ್ನೋದರಾಗೂ ಕೈ ಹಾಕಿದವು, ಈಗ ಅಲ್ಲಿ ಗಾದಿಗಾಗಿ ಬಡಿದಾಟ ಹತ್ತ್ಯದ, ಅಮೇರಿಕ ಸರ್ಕಾರ ಜಂಗಿ ಜಹಾಜು ಕಳಿಸಿ ಸುಮಾರು ಇನ್ನೂರು ಸಿಪಾಯಿ ರಾಜಧಾನಿಗೇ ಹೊಗಿಸ್ಯದ, ಯಾಕಂದ್ರ ನಮ್ಮ ಮಂದಿ ಜೀವ, ನಮ್ಮ ಮಂದಿ ಮಾಲು ಕಾಯಬೇಕು ಅಂತ. ಕರೆದವರು ಯಾರು ಅಂದೆ. ಮಾಲು ಕರೀತದಪ್ಪ, ಅಂದ ಮಕ್ಸೂದ, ಬಾಜೂಕಿನ ನಿಕರಾಗ್ವಾದಾಗ ಇವರ ಸಿಪಾಯಿ ಹನ್ನೆರಡು ವರ್ಷದಿಂದ ಕೂತಾರ, ಹೈಟಿದಾಗ ಒಂಬತ್ತು, ಮೆಹಮಾನರು ಅಂದ್ರ ಇಷ್ಟು ದಿನ ಕೂಡ್ತಾರೇನು, ದೊಡ್ಡ ಲಡಾಯಿ ಮುಗಿಯೋ ಹೊತ್ತಿಗೆ ಇದೇ ಅಮೇರಿಕದ ದೊಡ್ಡ ಸಾಹೇಬ ಹರ್ ಕೌಮ್, ಅಂದ್ರ ಒಂದೊಂದು ದೇಶದ ಮಂದಿ, ತನ್ನ ಮನಿ ತಾನೇ ಆಳಬೇಕು ಅಂದಿದ್ದ, ಅವತ್ತು ನಾನೇ ಓದಿ, ಖುಷಿಗೆ ಇಡೀ ಗಲ್ಲಿಗೆ ಪುಕಟ ಚಹಾ ಕುಡಿಸಿದ್ದೆ, ಇನ್ನ ಆ ಚಹಾ ಯಾರ ಬಾಯಿಂದ ವಾಪಸ್ ತಗೊಳ್ಳಲಿ. ಬಿಳೇ ಮಂದಿಗಷ್ಟೇ ಅಂದಿದ್ದ ಅಂತ ಆಮ್ಯಾಲೆ ಗೊತ್ತಾಯ್ತು, ಅಂದ. ನಾನು ಚಹಾ ಬಿಟ್ಟು ಕೂತೆ. ಜೀವನದಾಗ ಮೊದಲ ಸಲ ಒಂದು ಮಾತು ಸಿಕ್ಕಿತ್ತು, ಅದಕ್ಕ ನಾನು ಏನೂ ಸೇರಸಲಿಕ್ಕೆ ಬರಂಗಿರಲಿಲ್ಲ — ಬಾಳಿಹಣ್ಣಿನ ಸಲುವಾಗಿ ತೋಪಿನ ಜಹಾಜು, ಇದರ ಮ್ಯಾಲ ಇನ್ನೇನು ಹಾಕಲಿ, ಆನಿ ಹಾಕಿದ್ರ ಆನಿ ಸಣ್ಣದಾಗ್ತದ.

ಊರಿಗೆ ಬಂದು ಇದ್ದದ್ದು ಇದ್ದಂಗ ಹೇಳಿದೆ, ಇದೇ ಕಟ್ಟಿ ಮ್ಯಾಲ, ಇವರಿಗೇ. ನಕ್ಕರು ನೋಡು, ದೌಲಪ್ಪ ಕಂಬ ಹಿಡಕೊಂಡು ನಕ್ಕ, ಖಂಡೆಪ್ಪಣ್ಣ, ಕುದುರಿ ಕಥಿ ಇದಕ್ಕಿಂತ ಚಲೋ ಇತ್ತು ಬಿಡೋ, ಬಾಳಿಹಣ್ಣಿಗೆ ಸಿಪಾಯಿ ಬರ್ತಾರಂತ, ಇನ್ನ ಬದನಿಕಾಯಿಗೆ ಫಿರಂಗಿ ಬರ್ತದ, ಇನ್ನೂರು ಅಂದ್ರ ಇಪ್ಪತ್ತು, ಇಪ್ಪತ್ತೂ ಜಾಸ್ತಿ ಆಯ್ತು, ಯಾವನೋ ಒಬ್ಬ ಜವಾನ ಹಣ್ಣು ಬೇಡಲಿಕ್ಕೆ ಬಂದಿರಬೇಕು. ನಾನು ಇಳಿಸಿದೆ. ಇನ್ನೂರು ಇರಲಿಕ್ಕಿಲ್ಲ, ನೂರು, ಅಂದೆ. ಹತ್ತು ಅಂದ್ರು. ಜಹಾಜು ಇರಲಿಕ್ಕಿಲ್ಲ, ದೋಣಿ, ಅಂದೆ. ಹಳ್ಳದಾಗ ತೇಲೋ ಕಟ್ಟಿಗಿ ಅಂದ್ರು. ಖರೇ ಮಾತನ್ನ ಕೆತ್ತಿ ಕೆತ್ತಿ ಸಣ್ಣ ಮಾಡಿದಂಗ ಅದು ಇನ್ನಷ್ಟು ಸುಳ್ಳಾಗತಾ ಬಂತು, ಮೂವತ್ತು ವರ್ಷ ಬೆಳೆಸಿದವನ ಕೈಗೆ ಕತ್ತರಸೋದು ಎಲ್ಲಿಂದ ಬರ್ತದ. ಮಲಗೋ ಮುಂದ ಸೂಗಮ್ಮಗ ಹೇಳಿದೆ, ಆಕಿ ನಗಲಿಲ್ಲ, ಆದ್ರ ನಂಬಲೂ ಇಲ್ಲ, ನೀವು ಎರಡು ಸಾವಿರ ಅನ್ನಬೇಕಿತ್ತು, ಆವಾಗ ಸರಿಯಾಗಿ ಇನ್ನೂರು ತಿಳೀತಿದ್ರು, ಅಂದಳು. ಶಾಣ್ಯಾಕಿ. ಆದ್ರ ನನ್ನ ಬಾಯಿಂದ ಎರಡು ಸಾವಿರ ಹೊರಡಲಿಲ್ಲ, ಯಾಕೋ, ಆ ಅಖಬಾರಿನ ಎಣ್ಣಿ ಕಲಿ ಕಣ್ಣಮುಂದ ಬಂತು. ಅಣವೀರಪ್ಪ ಮಾತ್ರ ಅವತ್ತೂ ನಕ್ಕಿರಲಿಲ್ಲ. ಅಂವ ನನ್ನ ಮಾತಿಗೆ ಯಾವತ್ತೂ ನಗೋನಲ್ಲ, ನಂಬೋನೂ ಅಲ್ಲ, ಹಳ್ಳದ ನೀರಿನ ಪಾಳಿ ನೋಡಕೊಳ್ಳೋ ಹಿರ್ಯಾ, ಯಾರ ತೋಟಕ್ಕ ಎಷ್ಟು ಗಳಿಗಿ ನೀರು ಅಂತ ಅವನ ಬಾಯಿಂದ ಬಂದ್ರ ಅದೇ ಕಾಯ್ದೆ, ಅಂವ ಒತ್ತಿದ್ರ ಎಲ್ಲಾರೂ ಒತ್ತತಾರ, ನನ್ನ ಹೆಬ್ಬೆಟ್ಟು ಎಷ್ಟೇ ಅಗಲ ಇರಲಿ.

ಓದೋದು ಮುಗೀತು. ರಾಯರು ಕನ್ನಡಕ ಇಳಿಸಿ, ಹೂಂ ಖಂಡೆಪ್ಪನವರ, ಅಂದ್ರು, ನಾನು ಕೆಮ್ಮಿದೆ, ಮಸಿ ಹಸಿ ಅದ ರಾಯರ, ಕಾಗದ ಹೊಲಸಾಗ್ತದ, ಅಂದೆ. ಅಷ್ಟರಾಗ ದೌಲಪ್ಪ, ಸರಿಯೋ ಅಣ್ಣಾ, ನಿಂದು ಒಣಗೋದರಾಗ ನಂದು ಮುಗೀತದ, ಅಂತ ಮುಂದ ಬಂದು ಠಪ್ಪಂತ ಒತ್ತಿಬಿಟ್ಟ, ಕಾಗದದ ಮ್ಯಾಲ ಒಂದು ಕರೇ ಕಣ್ಣು ತೆರೀತು. ಆಯ್ತು, ಒಂದು ತೋಟ ಹೋಯ್ತು. ರಾಯರು ಖುಷಿಯಾದ್ರು, ಕೆಟ್ಟ ಮನುಷ್ಯಾ ಅಲ್ಲ ಅವರು, ತಾವು ಹೇಳೋದು ತಾವೇ ನಂಬ್ತಾರ, ಹೆದರಬ್ಯಾಡ್ರೆಪ್ಪಾ, ಅಮೇರಿಕದವರ ಪದ್ಧತಿ ಇದು, ನಮ್ಮ ಸೇಠರು ಅದನ್ನ ಓದಿಕೊಂಡೇ ಈ ಕರಾರು ಬರಸ್ಯಾರ, ಅಲ್ಲಿ ಹಣ್ಣಿನ ಕಂಪನಿ ಕಾಲಿಟ್ಟಲ್ಲೆಲ್ಲ ರೈಲು, ದವಾಖಾನಿ, ತಾರಾಫೀಸು, ಅಡವಿ ಇದ್ದದ್ದು ಊರಾಗ್ಯದ. ಯಾವೂರು ರಾಯರ, ಅಂದೆ ನಾನು, ಹಾಂಡುರಾಸ್ ಏನ್ರಿ? ರಾಯರು ನನ್ನ ಮುಖ ನೋಡಿದ್ರು. ನಿಮಗ ಹ್ಯಾಂಗ ಗೊತ್ತ್ರಿ ಆ ಹೆಸರು? ದೌಲಪ್ಪ ಎಲಿಯಡಿಕಿ ಅಗಿಯೋದು ಬಿಟ್ಟ, ಹಂಗಂದ್ರ ಆ ಊರು ಖರೇನೇ ಅದ ಏನ್ರೀ? ಅದಪ್ಪ, ಅದ, ಅಂದ್ರು ರಾಯರು. ಮತ್ತ ಸಿಪಾಯಿ? ಅದು ಬರೇ ಬಂದೋಬಸ್ತಿಗೆ, ಅಲ್ಲಿ ಗದ್ದಲ ಇತ್ತು, ಅವರ ಮಾಲು ಅವರು ಕಾಯಬಾರದೇನು, ಇನ್ನೂರು ಮಂದಿ ಏನು ದೊಡ್ಡ ಮಾತು. ಇನ್ನೂರು! ರಾಯರ ಬಾಯಿಂದಲೇ ಬಂತು, ನನ್ನ ಮೀಸಿ ತಾನಾಗೇ ಮ್ಯಾಲ ಹೋಯ್ತು, ಕೇಳಿದ್ರೇನೋ, ಭಾಗಿಸರಿ ಈಗ — ಎದ್ದು ನಿಂತು ಒಂದು ತಾಸು ಮಾತಾಡಬೇಕು ಅನ್ನಿಸ್ತು, ತೋಪು ಹಾರಸಬೇಕು, ಸಮುದ್ರ ತುಂಬ ಜಹಾಜು ತೇಲಿಸಬೇಕು. ಅಣವೀರಪ್ಪ ನನ್ನ ಕಡೆ ತಿರುಗಿದ. ಮೂವತ್ತು ವರ್ಷದಾಗ ನನಗ ಒಂದು ಮಾತು ಕೇಳಿದವನಲ್ಲ. ತಮ್ಮಾ ಖಂಡೆಪ್ಪಾ, ಅಲ್ಲಿ ಬಾಳಿ ಹಚ್ಚಿದವರು ಏನಾದ್ರೋ?

ಬಾಯಿ ತೆರೆದೆ. ಹತ್ತು ಉತ್ತರ ನಾಲಿಗಿ ತುದಿಗೆ ಓಡಿ ಬಂದು ನಿಂತವು, ಗಿಡಕ್ಕ ಕಟ್ಟಿ ಹೊಡದಾರ, ಹಡಗಿನಾಗ ತುಂಬಿ ಒಯ್ದಾರ, ಕತ್ತಿ ಹಿಡಕೊಂಡು ಸಿಪಾಯಿಗಳ ಬೆನ್ನು ಹತ್ತಿ ಸಮುದ್ರದಾಗ ಕೆಡವ್ಯಾರ, ಎಲ್ಲಾ ಚಲೋ ಉತ್ತರ, ಒಂದಕ್ಕಿಂತ ಒಂದು ಚಲೋ — ಮಕ್ಸೂದ ಓದಿದ್ದನ್ನ ಮತ್ತ ಮನಸಿನಾಗ ಮೊದಲಿಂದ ಓದಿದೆ, ಕಂಪನಿ ಇತ್ತು, ಜಹಾಜಿತ್ತು, ಗಾದಿಗೆ ಬಡಿದಾಡೋ ಸರದಾರರ ಹೆಸರು ಇದ್ದವು, ಸಿಪಾಯಿಗಳ ಎಣಿಕಿ ಇತ್ತು, ರೈಲು ಇತ್ತು, ಬಾಳಿ ಹಚ್ಚಿದವ ಒಬ್ಬನೂ ಇರಲಿಲ್ಲ. ಗೊತ್ತಿಲ್ಲ ಮಾಮಾ, ಅಂದೆ. ಆ ಮಾತು ನನ್ನ ಬಾಯಾಗ ಬ್ಯಾರೆಯವರ ಹಲ್ಲಿನಂಗ ಹತ್ತಿತು. ಗೊತ್ತಿಲ್ಲ, ಅಖಬಾರಿನಾಗ ಅವರ ಸುದ್ದಿ ಬರದಿಲ್ಲ. ಒಬ್ಬಂದೂ? ಒಬ್ಬಂದೂ. ಯಾರೂ ನಗಲಿಲ್ಲ. ಅಣವೀರಪ್ಪ, ಈ ಮಾತು ಭಾಗಿಸೋ ಹಂಗಿಲ್ಲ ತಮ್ಮಾ, ಅಂತ ನನಗ ಅಂದು ಮೊಣಕಾಲ ಮ್ಯಾಲ ಕೈ ಊರಿ ಎದ್ದು, ನೀರು ತಿರುವೋ ಹೊತ್ತಾಯ್ತು ರಾಯರ, ನಾವು ಬರ್ತೀವಿ, ಅಂತ ಕಟ್ಟಿ ಇಳಿದ, ಅವನ ಹಿಂದ ಒಬ್ಬ, ಅವನ ಹಿಂದ ಇನ್ನಿಬ್ಬರು, ಚಪ್ಪಲಿ ಹುಡುಕೋ ಸದ್ದು, ದೌಲಪ್ಪ ಎದ್ದೂ ಏಳದಂಗ ನಿಂತಾನ, ರಾಯರ, ನಂದು ಅಳಸಲಿಕ್ಕೆ ಬರ್ತದೇನ್ರಿ ಅಂತ ಕೇಳ್ಲಾಕತ್ತಾನ, ಬರಂಗಿಲ್ಲಪ್ಪ, ಮಸಿ ಪಕ್ಕಾ ಅದ, ಅಂತಾರ ರಾಯರು. ನೀವರೆ ಒತ್ತರಿ ಖಂಡೆಪ್ಪನವರ, ಎರಡು ತೋಟ ಆದ್ರೂ ಸಾಕು, ಪೆಟ್ಟಿಗಿ ನೆನಸ್ರಿ, ನಿಮ್ಮ ಹೆಸರು. ಕೈ ಹಿಂದಕ್ಕ ತಗೊಂಡು ಧೋತರದ ಸೆರಗಿನಾಗ ಸುತ್ತಿದೆ. ಪೆಟ್ಟಿಗಿ ನೆನಸ್ತೀನಿ, ಕೆಂಪು ಅಕ್ಷರ ಕಾಣಂಗಿಲ್ಲ, ಮೀಸಿ ಕಾಣಂಗಿಲ್ಲ, ಅಲ್ಲಿ ಹಾಂಡುರಾಸಿನಾಗ ಬಾಳಿ ಹಚ್ಚಿದ ಒಬ್ಬ ಮನುಷ್ಯಾ ಕಾಣ್ತಾನ, ಆಗಲೇ ಕಡದ ಗೊನಿ ಹೆಗಲ ಮ್ಯಾಲ ಅದ, ತೋಟದ ನಡುವಿನ ಸಣ್ಣ ದಾರಿಯಾಗ ಬೂಟಿನ ಮಂದಿ ಸಾಲಾಗಿ ಬರ್ಲಾಕತ್ತಾರ, ಅಂವ ಬದುವಿಗೆ ಸರಿದು ದಾರಿ ಬಿಟ್ಟಾನ, ಮುಖಕ್ಕ ಎಲಿ ಅಡ್ಡ ಬಂದದ, ಹೆಸರು ಏನಿರಬೇಕು, ಏನೋ ಒಂದು ಇಡೋಣ ಅಂದ್ರ ಬರಂಗಿಲ್ಲ, ನನಗ ಬರಂಗಿಲ್ಲ, ಬೂಟು ದಾಟ್ಲಾಕತ್ತಾವ, ಗೊನಿ ಹೆಗಲ ಮ್ಯಾಲ, ಇನ್ನೂ ದಾಟ್ಲಾಕತ್ತಾವ, ಅಂವ ದಾರಿ ಬಿಟ್ಟು ನಿಂತಾನ, ಗೊನಿ ಹೆಗಲ ಮ್ಯಾಲ, ನಿಂತಾನ