ಕಿನ್ನಿಯ ನೆಗೆಟಿವ್

ಆನ್ಸಿಲ್ಲಾ ಗೇಟಿನ ಕಂಬಕ್ಕೆ ಅಂಟಿಸಿದ್ದ ಚೀಟಿಯನ್ನು ಉಗುರಿನಲ್ಲಿ ಕೆರೆಯುತ್ತಿದ್ದಳು. ಅರ್ಧ ಬಂದಿತ್ತು, ಉಳಿದರ್ಧ ಮೈದಾ ಅಂಟಿನಲ್ಲಿ ಗಟ್ಟಿಯಾಗಿ ಕೂತಿತ್ತು. ಅವಳ ಹಿಂದೆ ಅಂಗಳದ ಶಾಮಿಯಾನದ ಕೆಳಗೆ, ಗಂಡನ ಅಣ್ಣ ಲ್ಯಾರಿ ಶವಪೆಟ್ಟಿಗೆಯಲ್ಲಿ ಮಲಗಿದ್ದ.

"ಇವತ್ತೊಂದು ದಿನ ಬಿಡಿ ಬಾಯಮ್ಮ," ಎಂದಳು ಆಚೆ ಮನೆಯ ಯಶ್ಮಿತಾ. ಹತ್ತು ತಿಂಗಳ ಮಗು ಅವಳ ಹೆಗಲ ಮೇಲಿತ್ತು. ಸಾವಿನ ಮನೆಗೆ ಮಗುವನ್ನು ತೆಗೆದುಕೊಂಡು ಹೋಗಬೇಡವೆಂದು ತಾಯಿ ಫೋನಿನಲ್ಲಿ ಹೇಳಿದ್ದರು, ಬಿಟ್ಟು ಬರಲು ಮನೆಯಲ್ಲಿ ಜನ ಇರಲಿಲ್ಲ. ಅದಕ್ಕೆ ಶಾಲಿನಿಂದ ಅದರ ಮುಖ ಮುಚ್ಚಿದ್ದಳು.

"ಇವತ್ತೇ ತೆಗೀಬೇಕು. ಇದು ಕೊನೆಯದ್ದು," ಆನ್ಸಿಲ್ಲಾ ತಿರುಗದೆ ಹೇಳಿದಳು. "ಬಸ್‌ಸ್ಟ್ಯಾಂಡಿನದ್ದು ತೆಗ್ದೆ. ಮೊಗ್ರಾಲಿನ ಅಂಗನವಾಡಿಯದ್ದು ತೆಗ್ದೆ. ಎರಡು ಬಸ್ಸು ಹಿಡಿದು ವಿದ್ಯಾನಗರಕ್ಕೆ ಹೋಗಿ ಕಲೆಕ್ಟರೇಟಿನ ಗೋಡೆಯದ್ದೂ ತೆಗ್ದೆ. ನಿನ್ನ ಮಗುವಿನ ಮುಖ ಯಾರಾದರೂ ಹೀಗೆ ಊರಿಡೀ ಅಂಟಿಸಿದ್ರೆ ನೀನು ಎಂತ ಮಾಡ್ತಿ?"

ಚೀಟಿಯಲ್ಲಿ ಒಂದು ವರ್ಷದ ಹೆಣ್ಣುಮಗು ನಗುತ್ತಿತ್ತು. ಒಂದು ಕಣ್ಣಿನ ಪಾಪೆ ಕಪ್ಪು, ಇನ್ನೊಂದರದ್ದು ಬೆಳ್ಳಗೆ ಹೊಳೆಯುತ್ತಿತ್ತು. ಕೆಳಗೆ ಬರೆದಿತ್ತು: ‘ಫ್ಲಾಶ್ ಹಾಕಿ ತೆಗೆದ ಫೋಟೋದಲ್ಲಿ ಮಗುವಿನ ಕಣ್ಣು ಹೀಗೆ ಕಂಡರೆ ಡಾಕ್ಟರಿಗೆ ತೋರಿಸಿ. ಏನೂ ಇಲ್ಲದಿರಬಹುದು. ಇದ್ದರೆ ತಡ ಮಾಡಬಾರದು.’

"ನಮ್ಮಲ್ಲಿಗೂ ಮೂರು ಸಲ ಬಂದಿದ್ರು ಲ್ಯಾರಿ ಪೊರ್ಬುಗಳು," ಎಂದಳು ಯಶ್ಮಿತಾ. "ಮಗುವಿನ ಒಂದು ಫೋಟೋ ತೆಗೀತೇನೆ ಅಂತ. ನಾನು ಬಾಗಿಲೇ ತೆಗೀಲಿಲ್ಲ."

"ಒಳ್ಳೇದು ಮಾಡಿದಿ."

*

ಕಿನ್ನಿ ಲೆಸ್ಲಿ ಮತ್ತು ಆನ್ಸಿಲ್ಲಾರ ಮೊದಲ ಮಗು. ಅವಳ ಮೊದಲ ಹುಟ್ಟುಹಬ್ಬಕ್ಕೆ ಫೋಟೋ ತೆಗೆದದ್ದು ದೊಡ್ಡಪ್ಪ ಲ್ಯಾರಿ. ಕುಂಬಳೆ ಪೇಟೆಯಲ್ಲಿ ಅವನದ್ದು ಸಣ್ಣ ಸ್ಟುಡಿಯೋ. ಮಂಗಳೂರಿನಿಂದ ತೊಳೆದು ಬಂದ ಪ್ರಿಂಟಿನಲ್ಲಿ ಮಗುವಿನ ಎಡಗಣ್ಣು ಬೆಳ್ಳಗಿತ್ತು. ಫ್ಲಾಶಿನ ದೋಷ ಎಂದುಕೊಂಡ. ಮದುಮಗಳ ಮೊಡವೆ, ಅಜ್ಜಂದಿರ ಬೋಳುತಲೆಯ ಹೊಳಪು ಎಲ್ಲ ಅಳಿಸಿ ಪಳಗಿದ ಕೈ ಅದು. ಸಣ್ಣ ಕುಂಚವನ್ನು ತುಟಿಯಲ್ಲಿ ಚೂಪು ಮಾಡಿ ಪ್ರಿಂಟಿನ ಮೇಲೆ ಒಂದು ಕಪ್ಪು ಚುಕ್ಕೆ ಇಟ್ಟ, ನೆಗೆಟಿವ್ ಹಾಗೇ ಉಳಿಯಿತು. ಫ್ರೇಮು ಹಾಕಿಸಿ ತಮ್ಮನ ಮನೆಯ ಗೋಡೆಗೆ ತಾನೇ ಮೊಳೆ ಹೊಡೆದ. ನೋಡಿದವರೆಲ್ಲ ಹೊಗಳಿದರು.

ಅದಾಗಿ ಎಂಟು ತಿಂಗಳಿಗೆ ಕಣ್ಣು ಉಬ್ಬಿ ಹೊರಗೆ ಬಂತು. ಕಣ್ಣಿನ ಕ್ಯಾನ್ಸರ್, ಸಾವಿರಾರು ಮಕ್ಕಳಲ್ಲಿ ಒಬ್ಬರಿಗೆ ಬರುವಂಥದ್ದು ಎಂದ ಮಂಗಳೂರಿನ ಡಾಕ್ಟರು, ಹಳೆಯ ಫೋಟೋ ಇದ್ದರೆ ತನ್ನಿ ಎಂದರು. ಲೆಸ್ಲಿ ಗೋಡೆಯ ಫ್ರೇಮನ್ನೇ ಕಿತ್ತು ಕಂಕುಳಲ್ಲಿಟ್ಟುಕೊಂಡು ಹೋದ.

"ಆಗ ಎರಡೂ ಕಣ್ಣು ಸರಿ ಇತ್ತಲ್ಲ," ಎಂದರು ಡಾಕ್ಟರು.

ಪಕ್ಕದಲ್ಲಿ ನಿಂತಿದ್ದ ಲ್ಯಾರಿ, "ಇರಲಿಲ್ಲ. ನಾನು ತಿದ್ದಿದ್ದು," ಎಂದ.

ಬಾಯಿ ಮುಚ್ಚಿಕೊಂಡಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಮೂರು ತಿಂಗಳಲ್ಲಿ ಕಿನ್ನಿ ಹೋದಳು. ಮರುವಾರವೇ ಲೆಸ್ಲಿ ಅಣ್ಣನ ಮನೆಗೂ ತನ್ನ ಮನೆಗೂ ನಡುವೆ ಕೆಂಪುಕಲ್ಲಿನ ಗೋಡೆ ಕಟ್ಟಿಸಿದ.

*

"ಫಾದರ್ ಈಗ ಬರ್ತಾರೆ. ಫೋಟೋ ತೆಗೆದು ಮುಗಿಸುವ," ಎಂದು ವಿಜೇತ್ ಕ್ಯಾಮೆರಾ ಎತ್ತಿದ. ಲ್ಯಾರಿಯ ಸ್ಟುಡಿಯೋವನ್ನು ಈಗ ನಡೆಸುವವನು ಅವನೇ. ಪೆಟ್ಟಿಗೆ ಮುಚ್ಚುವ ಮೊದಲು ಮನೆಯವರೆಲ್ಲ ಸುತ್ತ ನಿಂತು ಒಂದು ಫೋಟೋ ತೆಗೆಸುವುದು ಇವರಲ್ಲಿ ರೂಢಿ. ಲ್ಯಾರಿಯೇ ಇಂಥವು ನೂರಾರು ತೆಗೆದಿದ್ದ.

ಲೆಸ್ಲಿ ಶಾಮಿಯಾನದ ಹೊರಗೆ ಬಿಸಿಲಲ್ಲೇ ನಿಂತಿದ್ದ.

"ಬಾ ಲೆಸ್ಲಿ," ಲ್ಯಾರಿಯ ಹೆಂಡತಿ ರೋಸ್ಮೇರಿ ಕರೆದಳು. "ಇದ್ದ ಒಬ್ಬ ತಮ್ಮ ಇಲ್ಲದೆ ಹೇಗೆ ಫೋಟೋ? ನಾಳೆ ಜನ ಎಂತ ಹೇಳ್ಲಿಕ್ಕಿಲ್ಲ?"

"ಕಿನ್ನಿಯ ಆ ನೆಗೆಟಿವ್ ಕೊಡಿ. ಅವನೊಟ್ಟಿಗೇ ಮಣ್ಣಿಗೆ ಹೋಗ್ಲಿ. ಮತ್ತೆ ನಿಲ್ತೇನೆ."

ನೆರೆದವರು ರೋಸ್ಮೇರಿಯತ್ತ ತಿರುಗಿದರು.

"ಅದೊಂದೇ ಉಳಿದದ್ದು," ಎಂದಳು ರೋಸ್ಮೇರಿ. "ಅದು ಹೋದ್ರೆ ಮತ್ತೆ ಚೀಟಿ ಮಾಡ್ಲಿಕ್ಕೆ ಆಗುದಿಲ್ಲ."

"ಮಾಡುವುದು ಬೇಡ ಅಂತಲೇ ಕೇಳುವುದು."

"ಸ್ಕ್ಯಾನ್ ಮಾಡಿ ಇಡುವ ಅಂತ ನಾನು ಎಷ್ಟು ಸಲ ಹೇಳಿದ್ದೆ," ವಿಜೇತ್ ಗೊಣಗಿದ. "ಕಂಪ್ಯೂಟರಿಗೆ ಹೋದ್ರೆ ಯಾರಾದ್ರೂ ಕಣ್ಣು ತಿದ್ದಿ ಚಂದ ಮಾಡ್ತಾರೆ ಅಂತ ಲ್ಯಾರಿಯವರೇ ಬೇಡ ಅಂದ್ರು."

"ಅವರು ಸತ್ತ ಮೇಲೂ ನಿಮ್ಮ ಹಟ ಬಿಡ್ಲಿಕ್ಕಿಲ್ವಾ?" ರೋಸ್ಮೇರಿಯ ಧ್ವನಿ ಏರಿತು.

ಗೇಟಿನಿಂದ ಬಂದ ಆನ್ಸಿಲ್ಲಾ ಉತ್ತರಿಸಿದಳು. "ನನ್ನ ಮಗಳು ಒಂದು ಸಲ ಸತ್ತದ್ದು ರೋಸಿಬಾಯಿ. ನಿಮ್ಮ ಗಂಡ ಅವಳನ್ನು ಗೋಡೆಗೋಡೆಯಲ್ಲಿ ಸಾಯಿಸಿದ್ರು. ನಮ್ಮನ್ನು ಒಂದು ಮಾತು ಕೇಳಿದ್ರಾ?"

ಕೇಳಿರಲಿಲ್ಲ. ಅದು ರೋಸ್ಮೇರಿಗೂ ಗೊತ್ತಿತ್ತು.

*

ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕುವವ ಎಂದು ಊರು ಲ್ಯಾರಿಯನ್ನು ನೋಡಿ ನಗುತ್ತಿತ್ತು. ಆಮೇಲೆ ನಗುವುದು ಬಿಟ್ಟು ಹೆದರತೊಡಗಿತು. ಮದುವೆ ಮನೆಯಲ್ಲಿ ಮದುಮಕ್ಕಳನ್ನು ಬಿಟ್ಟು ಕಂಕುಳ ಕೂಸುಗಳ ಮುಖಕ್ಕೆ ಫ್ಲಾಶ್ ಹಾಕುವ ಫೋಟೋಗ್ರಾಫರ್ ಯಾರಿಗೆ ಬೇಕು? ಅವನ ದೃಷ್ಟಿ ತಾಗುತ್ತದೆಂದು ತಾಯಂದಿರು ಮಕ್ಕಳನ್ನು ಸೆರಗಿನೊಳಗೆ ಎಳೆದುಕೊಳ್ಳುತ್ತಿದ್ದರು.

ಮೂವತ್ತೊಂದು ವರ್ಷದಲ್ಲಿ ಅವನಿಗೆ ಸಿಕ್ಕಿದ್ದು ಅಂಥ ಕಣ್ಣಿನ ಒಂದೇ ಒಂದು ಮಗು, ಮೊಗ್ರಾಲಿನದ್ದು. ಡಾಕ್ಟರು ಒಂದು ಕಣ್ಣು ತೆಗೆದು ಜೀವ ಉಳಿಸಿದರು. ಮರುತಿಂಗಳು ಮಗುವಿನ ತಂದೆ ಸ್ಟುಡಿಯೋದ ಗಾಜು ಒಡೆದು ಹೋದ. "ನಿನ್ನ ಬಾಯಿಂದ ಬಂದದ್ದಕ್ಕೇ ಹೀಗಾಯ್ತು," ಎಂದು ಪೇಟೆಯಿಡೀ ಕೇಳುವಂತೆ ಕೂಗಿದ. ಲ್ಯಾರಿ ಗಾಜು ಗುಡಿಸಿ, ಮರುದಿನ ಹೊಸ ಚೀಟಿ ಅಚ್ಚು ಹಾಕಿಸಲು ಹೋದ.

*

ರೋಸ್ಮೇರಿ ಒಳಗೆ ಹೋಗಿ ಪ್ರಾರ್ಥನೆ ಪುಸ್ತಕದ ನಡುವಿನಿಂದ ಒಂದು ಕಂದು ಕವರು ತಂದಳು. ಕೈಗೆ ಕೊಡಲಿಲ್ಲ, ಬೆಂಚಿನ ಮೇಲೆ ಎಸೆದಳು. ಲೆಸ್ಲಿ ಅದನ್ನು ತೆರೆದೂ ನೋಡದೆ ಅಣ್ಣನ ಕೋಟಿನ ಕಿಸೆಗೆ ತುರುಕಿದ. ಮತ್ತೆ ಕೊಟ್ಟ ಮಾತಿನಂತೆ ಪೆಟ್ಟಿಗೆಯ ತಲೆಯ ಬಳಿ ನಿಂತ, ಮುಖ ಬೇರೆ ಕಡೆ ತಿರುಗಿಸಿಕೊಂಡು. ನೆಂಟರ ಇಬ್ಬರು ಪುಟ್ಟ ಮಕ್ಕಳನ್ನು ಮುಂದೆ ಕೂರಿಸಿದರು. ಆಚೆ ಮನೆಯವಳೆಂದು ಯಶ್ಮಿತಾಳನ್ನೂ ಎಳೆದು ನಿಲ್ಲಿಸಿದರು. ಫ್ಲಾಶ್ ಎರಡು ಸಲ ಹೊಳೆಯಿತು.

"ಸರಿ ಬಂತಾ ನೋಡಿ," ಎಂದು ವಿಜೇತ್ ಕ್ಯಾಮೆರಾದ ಪರದೆಯನ್ನು ರೋಸ್ಮೇರಿಯತ್ತ ಹಿಡಿದ. ನಡುವೆ ಆನ್ಸಿಲ್ಲಾ ಬಗ್ಗಿದಳು.

"ದೊಡ್ಡದು ಮಾಡು."

ಅವನು ಲ್ಯಾರಿಯ ಮುಖವನ್ನು ದೊಡ್ಡದು ಮಾಡಿದ.

"ಅವನದ್ದಲ್ಲ ಮಾರಾಯ. ಮಕ್ಕಳದ್ದು."

ಮುಂದೆ ಕೂತ ಹುಡುಗನ ಕಣ್ಣುಗಳು ಬಂದವು. ಎರಡೂ ಸರಿ ಇದ್ದವು. ಹುಡುಗಿಯ ಕಣ್ಣುಗಳು ಬಂದವು. ಅವೂ ಸರಿ ಇದ್ದವು. ಆನ್ಸಿಲ್ಲಾಳ ತುಟಿ ಲೆಕ್ಕ ಹಾಕುವವರ ಹಾಗೆ ಅಲುಗುತ್ತಿತ್ತು. ಲೆಸ್ಲಿ ನೆಲ ನೋಡಿದ. ಯಾರ ಮನೆಯ ಆಲ್ಬಂ ಸಿಕ್ಕಿದರೂ ಅವಳು ಮಕ್ಕಳ ಪುಟದಲ್ಲಿ ನಿಂತುಬಿಡುವುದು ಅವನಿಗೆ ಗೊತ್ತಿತ್ತು. ಇಷ್ಟು ವರ್ಷ ಇಬ್ಬರೂ ಅದರ ಮಾತೆತ್ತಿರಲಿಲ್ಲ.

ಪರದೆ ಯಶ್ಮಿತಾಳ ಹೆಗಲಿಗೆ ಬಂತು. ಅಲ್ಲಿ ಶಾಲು ಮಾತ್ರ ಇತ್ತು.

"ಫಾದರ್ ಬಂದ್ರು," ಯಾರೋ ಹೇಳಿದರು. ನಾಲ್ವರು ಮುಚ್ಚಳ ಎತ್ತಿದರು.

"ನಿಲ್ಲಿ!"

ಆನ್ಸಿಲ್ಲಾ ಪೆಟ್ಟಿಗೆಯೊಳಗೆ ಕೈ ಹಾಕಿ ಸತ್ತವನ ಕಿಸೆಯಿಂದ ಕವರನ್ನು ಎಳೆದಳು. "ಇವನ ಕಿಸೆಯಲ್ಲಿ ನನ್ನ ಮಗಳು ಬೇಡ," ಎಂದಳು, ಲೆಸ್ಲಿಯ ಮುಖ ನೋಡದೆ. ನೇರ ಯಶ್ಮಿತಾಳ ಮುಂದೆ ಹೋಗಿ ನಿಂತಳು.

"ಶಾಲು ತೆಗಿ. ಮಗುವಿನ ಮುಖ ಈ ಕಡೆ ತಿರುಗಿಸು. ವಿಜೇತ್, ಫ್ಲಾಶ್ ಹಾಕು."

"ಎಂತ ಬಾಯಮ್ಮ, ನೀವೂ?" ಯಶ್ಮಿತಾಳ ಮುಖ ಬಿಳಿಚಿಕೊಂಡಿತು. "ಅದೂ ಹೆಣದ ಎದುರಿಗೆ! ನಿಮ್ಮ ಕಣ್ಣು ನಮ್ಮ ಮಗುವಿಗೆ ಬೇಡ."

ಅವಳು ಶಾಲನ್ನು ಇನ್ನಷ್ಟು ಎಳೆದು, ಮಗುವನ್ನು ಎದೆಗೊತ್ತಿಕೊಂಡು ಅಂಗಳದಿಂದ ಹೊರಗೆ ಓಡಿದಳು. ಆನ್ಸಿಲ್ಲಾ ಕವರು ಹಿಡಿದುಕೊಂಡು ಬರಿಗಾಲಲ್ಲೇ ಹಿಂದೆ ಹೋದಳು. ಯಶ್ಮಿತಾ ಎಳೆದು ಬಿಟ್ಟ ಗೇಟು ಆನ್ಸಿಲ್ಲಾಳ ಮುಖಕ್ಕೆ ಬಡಿಯಿತು. ಬೀಳದಂತೆ ಅವಳು ಕಂಬವನ್ನು ಹಿಡಿದುಕೊಂಡಳು. ಅರ್ಧ ಹರಿದ ಚೀಟಿಯಲ್ಲಿ ಉಳಿದಿದ್ದ ಬಿಳಿ ಕಣ್ಣು ಅವಳ ಬೆರಳುಗಳ ನಡುವಿನಿಂದ ಕಾಣುತ್ತಿತ್ತು.